ಪ್ಲಗ್ಗು ಮೈಲೇಜ್ ಕೊಡುವುದಿಲ್ಲ

ಕಾರನ್ನು ಸರ್ವೀಸಿಗೆ ಬಿಟ್ಟು ಆಫೀಸಿಗೆ ಬಂದವರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಫೋನ್ ಬರುತ್ತದೆ. ಪುಣೆಯಲ್ಲಾದರೆ ಹಿಂದಿಯಲ್ಲಿ, ಚೆನ್ನೈಯಲ್ಲಾದರೆ ತಮಿಳಿನಲ್ಲಿ, ಹೈದರಾಬಾದಿನಲ್ಲಾದರೆ ತೆಲುಗಿನಲ್ಲಿ. ಭಾಷೆ ಯಾವುದಾದರೂ ಪಟ್ಟಿ ಒಂದೇ: ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಸೆನ್ಸರ್ ಕ್ಲೀನಿಂಗ್, ಆಮೇಲೆ ಇರಿಡಿಯಂ ಪ್ಲಗ್. ಯಾಕೆ ಎಂದು ಕೇಳಿದರೆ ಉತ್ತರವೂ ಒಂದೇ: ಮೈಲೇಜ್ ಚೆನ್ನಾಗಿ ಬರುತ್ತೆ ಸರ್. ಮೀಟಿಂಗಿನ ನಡುವೆ ಫೋನ್ ಎತ್ತಿದ ಮನುಷ್ಯ ಹೂಂ ಅನ್ನುತ್ತಾನೆ. ಸಂಜೆ ಬಿಲ್ಲಿನಲ್ಲಿ ಮೂರೋ ನಾಲ್ಕೋ ಸಾವಿರ ಹೆಚ್ಚಾಗಿರುತ್ತದೆ.

ಆ ದುಡ್ಡು ಯಾವ ಭರವಸೆಗೆ ಹೋಯಿತೋ ಆ ಭರವಸೆಯೇ ಪೊಳ್ಳು. ಪ್ಲಗ್ಗು ಮೈಲೇಜ್ ಕೊಡುವುದಿಲ್ಲ. ಸೆನ್ಸರನ್ನು ತೊಳೆದರೂ ಅದು ಬರುವುದಿಲ್ಲ. ಸವೆದ ಪ್ಲಗ್ಗು ಅಥವಾ ಕೆಟ್ಟ ಸೆನ್ಸರ್ ಕಿತ್ತುಕೊಂಡಿದ್ದನ್ನು ಹೊಸದು ವಾಪಸ್ ತಂದುಕೊಡಬಲ್ಲದು, ಅಷ್ಟೇ. ಕಳೆದೇ ಇಲ್ಲದ್ದನ್ನು ಹುಡುಕಿಕೊಡುತ್ತೇನೆ ಎನ್ನುವವರಿಗೆ ದುಡ್ಡು ಕೊಡಬೇಕಾದ ಕಾರಣವಿಲ್ಲ.

ಗೊಂದಲ ಮಾತಿನಲ್ಲೇ ಇದೆ. ಕನ್ನಡದಲ್ಲಿ ಹಸುವನ್ನು ಕೊಳ್ಳುವಾಗಲೂ ಕಾರನ್ನು ಕೊಳ್ಳುವಾಗಲೂ ಕೇಳುವ ಪ್ರಶ್ನೆ ಒಂದೇ: ಎಷ್ಟು ಕೊಡುತ್ತೆ? ಹಸು ಹಾಲು ಕೊಡುತ್ತದೆ, ಗಾಡಿ ಮೈಲೇಜ್ ಕೊಡುತ್ತದೆ. ಹಾಗೆಂದ ಮೇಲೆ ಗಾಡಿಯ ಒಳಗೆ ಎಲ್ಲೋ ಮೈಲೇಜ್ ತುಂಬಿಕೊಂಡಿದೆ, ಕೈ ಪಳಗಿದವರು ಕರೆದರೆ ಇನ್ನೊಂದಿಷ್ಟು ಇಳಿಯುತ್ತದೆ ಎಂಬ ನಂಬಿಕೆಯೂ ತಾನಾಗಿ ಬರುತ್ತದೆ. ಎಂಜಿನ್ನಿನಲ್ಲಿ ನಡೆಯುವುದು ಬೇರೆ. ಪೆಟ್ರೋಲಿನಲ್ಲಿ ಇರುವ ಶಕ್ತಿಯ ಬಹುಪಾಲು ಶಾಖವಾಗಿ ಸೋರಿಹೋಗುತ್ತದೆ, ಉಳಿದದ್ದು ಚಕ್ರಕ್ಕೆ ತಲುಪುತ್ತದೆ. ಆ ಸೋರಿಕೆ ಎಷ್ಟಿರಬೇಕು ಎನ್ನುವುದು ಎಂಜಿನ್ನಿನ ವಿನ್ಯಾಸದಲ್ಲೇ ತೀರ್ಮಾನವಾಗಿರುತ್ತದೆ. ಗ್ಯಾರೇಜಿನಲ್ಲಿ ಮಾಡಬಹುದಾದದ್ದು ಆ ಮಟ್ಟಕ್ಕಿಂತ ಹೆಚ್ಚು ಸೋರದಂತೆ ನೋಡಿಕೊಳ್ಳುವ ಕೆಲಸ.

ಮೊದಲು ಪ್ಲಗ್ಗನ್ನೇ ನೋಡಬಹುದು. ಅದರ ಕೆಲಸ ಸರಿಯಾದ ಹೊತ್ತಿಗೆ ಒಂದು ಕಿಡಿ ಹಾರಿಸುವುದು. ಗಾಳಿ-ಪೆಟ್ರೋಲ್ ಮಿಶ್ರಣ ಹೊತ್ತಿಕೊಂಡಿತೆಂದರೆ ಪ್ಲಗ್ಗಿನ ಪಾತ್ರ ಮುಗಿಯಿತು. ಬೆಂಕಿಕಡ್ಡಿ ದುಬಾರಿಯದಾದರೆ ಒಲೆಯ ಮೇಲಿನ ಅಕ್ಕಿ ಬೇಗ ಬೇಯುವುದಿಲ್ಲ.

ಹಾಗಾದರೆ ಇರಿಡಿಯಂ ಸುಳ್ಳೇ? ಸುಳ್ಳಲ್ಲ, ಅದರ ಗುಣವೇ ಬೇರೆ. ನಿಕ್ಕಲ್ ಸುಮಾರು 1,455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇರಿಡಿಯಂ ಕರಗಲು 2,446 ಡಿಗ್ರಿ ಬೇಕು. ಗಟ್ಟಿ ಲೋಹವಾದ್ದರಿಂದ ತುದಿಯನ್ನು ಅರ್ಧ ಮಿಲಿಮೀಟರಿನಷ್ಟು ಸಣ್ಣಗೆ ಮಾಡಬಹುದು. ಸಾಧಾರಣ ನಿಕ್ಕಲ್ ಪ್ಲಗ್ಗಿನ ತುದಿ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ. ಸಣ್ಣ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿನಲ್ಲೇ ಹಾರುತ್ತದೆ, ತುದಿ ನಿಧಾನ ಸವೆಯುತ್ತದೆ. ನಿಕ್ಕಲ್ ಪ್ಲಗ್ಗು ಮೂವತ್ತು ನಲವತ್ತು ಸಾವಿರ ಕಿಲೋಮೀಟರಿಗೆ ಬದಲಾಯಿಸಬೇಕಾಗಿ ಬಂದರೆ ಇರಿಡಿಯಂ ಒಂದು ಲಕ್ಷದ ಹತ್ತಿರ ಬಾಳುತ್ತದೆ. ಬಾಳಿಕೆಗಾಗಿ ಕೊಳ್ಳಿ ಎಂದರೆ ಅದು ಪ್ರಾಮಾಣಿಕ ಮಾತು. ಮೈಲೇಜಿಗಾಗಿ ಕೊಳ್ಳಿ ಎಂದರೆ ಲೆಕ್ಕ ಹಾಕಬೇಕಾಗುತ್ತದೆ.

ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡುವ, ಲೀಟರಿಗೆ 16 ಕೊಡುವ ಕಾರು 625 ಲೀಟರ್ ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ 62,500 ರೂಪಾಯಿ. ಇರಿಡಿಯಂ ಪ್ಲಗ್ಗಿನಿಂದ ಶೇ. 1ರಷ್ಟು ಉಳಿಯಿತು ಎಂದು ಉದಾರವಾಗಿ ಒಪ್ಪಿಕೊಂಡರೂ ವರ್ಷಕ್ಕೆ ಸಿಗುವುದು 625 ರೂಪಾಯಿ. ನಾಲ್ಕು ಪ್ಲಗ್ಗಿಗೆ ಎರಡು ಸಾವಿರ ಹೆಚ್ಚು ಕೊಟ್ಟಿದ್ದರೆ ಆ ದುಡ್ಡು ಹುಟ್ಟಲು ಮೂರು ವರ್ಷ ದಾಟಬೇಕು. ಒಳ್ಳೆಯ ಸ್ಥಿತಿಯಲ್ಲಿದ್ದ ಹಳೆಯ ಪ್ಲಗ್ಗನ್ನು ಕಿತ್ತು ಹಾಕಿದ್ದರೆ ಆ ನಷ್ಟವನ್ನೂ ಇದಕ್ಕೆ ಸೇರಿಸಬೇಕು.

ದುಬಾರಿ ಪ್ಲಗ್ಗಿಗಿಂತ ದೊಡ್ಡ ಅಪಾಯ ತಪ್ಪು ಪ್ಲಗ್ಗು. ಪ್ರತಿ ಪ್ಲಗ್ಗಿಗೂ ಹೀಟ್ ರೇಂಜ್ ಎಂಬ ಸಂಖ್ಯೆ ಇರುತ್ತದೆ. ತುದಿಯ ಶಾಖವನ್ನು ಅದು ಎಷ್ಟು ಬೇಗ ಎಂಜಿನ್ನಿಗೆ ದಾಟಿಸುತ್ತದೆ ಎನ್ನುವುದರ ಗುರುತು ಅದು. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಸಂಖ್ಯೆ ಹೆಚ್ಚಾದಂತೆ ಪ್ಲಗ್ಗು ತಣ್ಣಗಿನದು. ಬಾಷ್‌ನಲ್ಲಿ ಇದು ತಿರುಗುಮುರುಗು. ತುದಿ ಸುಮಾರು 450 ಡಿಗ್ರಿಯಾದರೂ ಮುಟ್ಟದಿದ್ದರೆ ಅದರ ಮೇಲಿನ ಮಸಿ ಸುಟ್ಟುಹೋಗುವುದಿಲ್ಲ. ಹೀಗಾಗಿ ತಣ್ಣಗಿನ ಪ್ಲಗ್ಗು ಊರೊಳಗಿನ ಟ್ರಾಫಿಕ್ಕಿನಲ್ಲಿ ಮಸಿ ಕಟ್ಟುತ್ತದೆ. ತೀರಾ ಬಿಸಿಯದಾದರೆ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೇ ಏಟು ಬೀಳುತ್ತದೆ. ಯಾವ ಪ್ಲಗ್ಗು, ಎಷ್ಟು ಗ್ಯಾಪು, ಎಷ್ಟು ಕಿಲೋಮೀಟರಿಗೆ ಬದಲಾವಣೆ ಎಂಬ ಮೂರೂ ವಿವರ ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ಇರುತ್ತವೆ. ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬರುವುದಿಲ್ಲ ಎನ್ನುವುದು ಗ್ಯಾರೇಜಿನವರ ತಪ್ಪಲ್ಲ, ಮಾಲೀಕರದು. ಕಂಪನಿಯೇ ಇರಿಡಿಯಂ ಹಾಕಿ ಎಂದಿರುವ ಎಂಜಿನ್ನಿಗೆ ದುಡ್ಡು ಉಳಿಸಲು ನಿಕ್ಕಲ್ ಹಾಕಿಸುವ ಜಾಣತನವೂ ಇದೇ ತಪ್ಪಿನ ಇನ್ನೊಂದು ಮುಖ.

ಸೆನ್ಸರ್ ಕ್ಲೀನಿಂಗ್ ಎಂಬ ಬಾಬತ್ತು ಇದಕ್ಕಿಂತ ಮಸುಕು. ಯಾವ ಸೆನ್ಸರ್ ಎಂದು ಕೇಳಿದರೆ ಕೌಂಟರಿನಲ್ಲಿ ಮೌನ. ಒಳಗೆ ಹೋಗುವ ಗಾಳಿಯನ್ನು ಬಿಸಿ ತಂತಿಯಿಂದ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದ್ದರೆ ಅದಕ್ಕೆ ಧೂಳು, ಎಣ್ಣೆ ಅಂಟುವುದು ನಿಜ, ಅದಕ್ಕೆಂದೇ ಮಾಡಿದ ಸ್ಪ್ರೇಯಿಂದ ತೊಳೆಯಬಹುದು ಎನ್ನುವುದೂ ನಿಜ. ಬಟ್ಟೆಯಿಂದ ಒರೆಸಿದರೆ ಆ ಸೂಕ್ಷ್ಮ ತಂತಿಯೇ ಹೋಗುತ್ತದೆ. ಆದರೆ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಸೆನ್ಸರೇ ಇಲ್ಲ. ಅವು ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಗಾಳಿಯ ಲೆಕ್ಕ ಹಾಕುತ್ತವೆ. ಇಲ್ಲದ ಸೆನ್ಸರನ್ನು ತೊಳೆದದ್ದಕ್ಕೂ ಬಿಲ್ಲಾಗಬಹುದು ಎಂಬ ಎಚ್ಚರ ಮಾಲೀಕರಿಗೆ ಇರಬೇಕು.

ಇನ್ನು ಸೈಲೆನ್ಸರಿನ ದಾರಿಯಲ್ಲಿ ಕೂತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್. ಅಂತರ್ಜಾಲದಲ್ಲಿ ಓಡಾಡುವ ಶೇ. 40ರ ಅಂಕಿ ಇದಕ್ಕೆ ಸೇರಿದ್ದು. ಅಮೆರಿಕ ಸರ್ಕಾರದ ಇಂಧನ ಮಾಹಿತಿ ತಾಣ ಹೇಳುವುದು ಇಷ್ಟು: ಕೆಟ್ಟುಹೋದ ಆಕ್ಸಿಜನ್ ಸೆನ್ಸರಿನಂಥ ಗಂಭೀರ ದೋಷ ಸರಿಪಡಿಸಿದರೆ ಶೇ. 40ರವರೆಗೂ ಸುಧಾರಣೆ ಕಾಣಬಹುದು. ಕೆಟ್ಟಿದ್ದರೆ ಮಾತ್ರ, ಗಂಭೀರವಾಗಿದ್ದರೆ ಮಾತ್ರ. ಸಿಲಿಕೋನ್ ಅಥವಾ ಸುಟ್ಟ ಎಣ್ಣೆಯ ಬೂದಿಯಿಂದ ಹಾಳಾದ ಈ ಸೆನ್ಸರ್ ಬ್ರಷ್ ಹಾಕಿ ಉಜ್ಜಿದರೆ ಸರಿಹೋಗುವುದಿಲ್ಲ, ಬದಲಾಯಿಸಬೇಕು. ಸರಿಯಿದ್ದರೆ ಉಜ್ಜಬಾರದು. ಎರಡು ಸಂದರ್ಭದಲ್ಲೂ ಕ್ಲೀನಿಂಗಿಗೆ ಜಾಗವಿಲ್ಲ.

ಏರ್ ಫಿಲ್ಟರಿನ ಕಥೆಯೂ ಇದೇ. ಅದು ಕಟ್ಟಿಕೊಂಡರೆ ಮೈಲೇಜ್ ಬೀಳುತ್ತದೆ ಎನ್ನುವುದು ಕಾರ್ಬುರೇಟರ್ ಕಾಲದ ಸತ್ಯ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿದ ಫಿಲ್ಟರಿನಿಂದ ಎಳೆತ ಕುಗ್ಗಿತೇ ಹೊರತು ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಾಳಿ ಕಡಿಮೆಯಾದರೆ ಪೆಟ್ರೋಲನ್ನೂ ಕಡಿಮೆ ಮಾಡುವಷ್ಟು ಲೆಕ್ಕ ಈ ಎಂಜಿನ್ನುಗಳಿಗೆ ಗೊತ್ತು.

ಈಗ, ಮೈಲೇಜ್ ನಿಜಕ್ಕೂ ಬಿದ್ದಿದೆ ಎನ್ನುವವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರಿಂದ 2025ಕ್ಕೆ ಎಳೆದು ತಂದಿತು, ಮುಟ್ಟಿಯೂ ಮುಟ್ಟಿತು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದರಲ್ಲಿ ಒಂದು ಪಾಲು ಎಥನಾಲಾದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದಾಗ ಲೀಟರಿಗೆ ಶೇ. 6-7ರಷ್ಟು ಶಕ್ತಿ ಕಮ್ಮಿಯಾಗುತ್ತದೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಿಗೆ ಶೇ. 6-7, ಇ-20ಕ್ಕೆ ಹೊಂದಿಸಿದವಕ್ಕೆ ಶೇ. 1-2 ಇಳಿಕೆ ಎಂದು ಅಂದಾಜು ಮಾಡಿತ್ತು. ಮೇವು ಬದಲಾದ ಮೇಲೆ ಹಾಲು ಕಡಿಮೆಯಾದರೆ ಕೊಂಬಿಗೆ ಬಣ್ಣ ಬಳಿದು ಏನು ಪ್ರಯೋಜನ?

ಇಲ್ಲೇ ನಿಜವಾದ ಅನ್ಯಾಯ ನಡೆಯುವುದು. ಎಥನಾಲ್ ಹೆಚ್ಚಾದಾಗ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದದ್ದನ್ನು ಕಂಡು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಅದು ಇಂಧನವನ್ನು ಸ್ವಲ್ಪ ಹೆಚ್ಚಿಸುತ್ತದೆ. ಸ್ಕ್ಯಾನರ್ ಹಚ್ಚಿದರೆ ಫ್ಯೂಯಲ್ ಟ್ರಿಮ್ ನಾಲ್ಕೈದು ಶೇಕಡ ಮೇಲೆ ತೋರಿಸಬಹುದು. ಅದನ್ನೇ ನೋಡಿ ಸೆನ್ಸರ್ ಕೊಳೆಯಾಗಿದೆ ಎನ್ನುವುದು, ಕೆಟ್ಟ ಸುದ್ದಿ ತಂದ ಅಂಚೆಯವನಿಗೆ ಬೈದಂತೆ. ನೀತಿಯಿಂದ ಬಂದ ಖರ್ಚು ಹೀಗೆ ಮಾಲೀಕರ ಗಾಡಿಯ ದೋಷವಾಗಿ ವೇಷ ಬದಲಿಸುತ್ತದೆ. ಪಂಪಿನಲ್ಲಿ ಒಮ್ಮೆ ಕಳೆದುಕೊಂಡವರು ಸರ್ವೀಸ್ ಕೌಂಟರಿನಲ್ಲಿ ಇನ್ನೊಮ್ಮೆ ಕಳೆದುಕೊಳ್ಳುತ್ತಾರೆ. ಕೇಳಬೇಕಾದ ಪ್ರಶ್ನೆ ಕೇಳಬೇಕಾದವರನ್ನು ತಲುಪುವುದೇ ಇಲ್ಲ.

ಪ್ಲಗ್ಗು ಬದಲಾಯಿಸಿದ ಮೇಲೆ ಮೈಲೇಜ್ ಏರಿತು ಎನ್ನುವವರೂ ಇದ್ದಾರೆ. ಹಳೆಯದು ಸವೆದು ಕಿಡಿ ತಪ್ಪುತ್ತಿದ್ದರೆ ಏರಲೇಬೇಕು. ಅಂಥ ಪ್ಲಗ್ಗನ್ನು ಇಟ್ಟುಕೊಳ್ಳುವುದೂ ತಪ್ಪು, ಸುಡದ ಪೆಟ್ರೋಲ್ ಹೋಗಿ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಆದರೆ ಅದೇ ಸರ್ವೀಸಿನಲ್ಲಿ ಟೈರಿಗೆ ಗಾಳಿ ತುಂಬಿರುತ್ತಾರೆ, ಎಣ್ಣೆ ಬದಲಾಗಿರುತ್ತದೆ. ದುಡ್ಡು ಕೊಟ್ಟವರ ಕಾಲು ಆಕ್ಸಿಲರೇಟರಿನ ಮೇಲೆ ಕೆಲವು ದಿನ ಹಗುರವಾಗಿಯೂ ಇರುತ್ತದೆ. ಯಶಸ್ಸು ಮಾತ್ರ ಪ್ಲಗ್ಗಿನ ಹೆಸರಿಗೆ.

ಸರ್ವೀಸ್ ಅಡ್ವೈಸರನ್ನು ಬೈದು ಫಲವಿಲ್ಲ, ಅವರ ತಲೆಯ ಮೇಲೂ ತಿಂಗಳ ಟಾರ್ಗೆಟ್ ತೂಗುತ್ತಿರುತ್ತದೆ. ಬದಲಾಗಬೇಕಾದದ್ದು ಹೂಂ ಅನ್ನುವ ಅಭ್ಯಾಸ. ಒಂದೇ ಪಂಪಿನಲ್ಲಿ ಮೂರು ಸಲ ಟ್ಯಾಂಕ್ ತುಂಬಿಸಿ ನಿಜವಾದ ಅಂಕಿ ಬರೆದಿಟ್ಟುಕೊಳ್ಳಲಿ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಏನಾದರೂ ಇದೆಯೇ ಕೇಳಲಿ. ಪ್ಲಗ್ಗನ್ನು ಕಳಚಿ ತೋರಿಸಲು ಹೇಳಲಿ: ತುದಿ ತಿಳಿಗಂದು ಅಥವಾ ಬೂದು ಬಣ್ಣವಿದ್ದು, ಗ್ಯಾಪ್ ಅಳತೆಗೆ ಸರಿಯಿದ್ದು, ಕಿಲೋಮೀಟರ್ ಮುಗಿಯದಿದ್ದರೆ ಅದು ಇನ್ನೂ ದುಡಿಯಬಲ್ಲದು. ಕಪ್ಪು ಮಸಿ ಕಟ್ಟಿದ್ದರೆ ಪ್ಲಗ್ಗಿಗೆ ಮೊದಲು ಮಸಿಯ ಕಾರಣ ಹುಡುಕಬೇಕು. ಮೈಲೇಜಿನ ಹೆಸರಿನಲ್ಲಿ ಮಾಡುವ ಪ್ರತಿ ಕೆಲಸಕ್ಕೂ ಮೊದಲಿನ ರೀಡಿಂಗ್, ಆಮೇಲಿನ ರೀಡಿಂಗ್ ಎರಡೂ ಜಾಬ್ ಕಾರ್ಡಿನಲ್ಲಿ ಬರೆದು ಕೊಡಲಿ. ಬರೆಯಲಾಗದ ಕೆಲಸಕ್ಕೆ ಬಿಲ್ಲೂ ಬೇಡ.

ಮುಂದಿನ ಸಲ ಹನ್ನೊಂದು ಗಂಟೆಗೆ ಫೋನ್ ಬಂದಾಗ, ಭಾಷೆ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಚಿಕ್ಕದು: ಏನು ಕೆಟ್ಟಿದೆ? ಉತ್ತರವಿದ್ದರೆ ಮಾಡಿಸಲಿ. ಮೈಲೇಜ್ ಬರುತ್ತೆ ಎನ್ನುವುದು ಆ ಪ್ರಶ್ನೆಗೆ ಉತ್ತರವಲ್ಲ.