‘ಮುಂದೆ ಬಾ’ ಎನ್ನುವ ಮೊದಲು

ಅಭ್ಯಾಸ ಬೋಧನೆಯ ವೀಕ್ಷಣಾ ನಮೂನೆಯಲ್ಲಿ ‘ವಿದ್ಯಾರ್ಥಿಗಳ ಭಾಗವಹಿಸುವಿಕೆ’ ಎಂಬ ಅಂಶವಿದೆ. ಯಾರನ್ನಾದರೂ ಕರಿಹಲಗೆಯ ಹತ್ತಿರ ಕರೆದು ಏನಾದರೂ ಮಾಡಿಸಿದರೆ ಅಲ್ಲಿ ಒಳ್ಳೆಯ ಅಂಕ ಬೀಳುತ್ತದೆ. ಇದು ನಮ್ಮ ಬ್ಯಾಚಿನ ಎಲ್ಲರಿಗೂ ಗೊತ್ತಿರುವ ಗುಟ್ಟು. ಹೀಗೆ ಕರೆಯುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಅದರ ಮೂಲ ಇರುವುದು ನಾನು ಕಾಲಿಟ್ಟೇ ಇರದ ಒಂದು ಥೀಮ್ ಪಾರ್ಕಿನಲ್ಲಿ.

ಅಕ್ಕ, ಭಾವ ಅಮೆರಿಕದಲ್ಲಿದ್ದಾರೆ. 2019ರಲ್ಲಿ ಅವರು ಮಗನನ್ನು ಕರೆದುಕೊಂಡು ಫ್ಲಾರಿಡಾದ ಡಿಸ್ನಿ ಹಾಲಿವುಡ್ ಸ್ಟುಡಿಯೋಸ್‌ಗೆ ಹೊರಟರು. ಅವನಿಗಾಗ ಐದು ವರ್ಷ. ಅಲ್ಲಿ ‘ಜೆಡೈ ಟ್ರೇನಿಂಗ್’ ಎಂಬ ಪ್ರದರ್ಶನವಿತ್ತು. ಸ್ಟಾರ್ ವಾರ್ಸ್ ಸಿನಿಮಾ ನೋಡದವರಿಗಾಗಿ ಒಂದು ಮಾತು: ಜೆಡೈ ಎಂದರೆ ಬೆಳಕಿನ ಕತ್ತಿ ಹಿಡಿದ ಯೋಧರು, ಡಾರ್ತ್ ವೇಡರ್ ಎಂದರೆ ಕಪ್ಪು ಮುಖವಾಡದ, ಉಸಿರಾಟವೇ ಭಯ ಹುಟ್ಟಿಸುವ ಖಳನಾಯಕ. 4ರಿಂದ 12 ವರ್ಷದ ಮಕ್ಕಳು ಕಂದು ನಿಲುವಂಗಿ ತೊಟ್ಟು, ಕತ್ತಿ ಹಿಡಿದು, ನೂರಾರು ಜನರೆದುರು ವೇದಿಕೆಯ ಮೇಲೆ ಅಂಥ ಖಳರನ್ನು ಎದುರಿಸುತ್ತಿದ್ದರು.

ನಮ್ಮ ಹುಡುಗನಿಗೆ ಆಸೆಯೂ ಇತ್ತು, ಹೆದರಿಕೆಯೂ ಇತ್ತು. ಅವನನ್ನು ತಯಾರು ಮಾಡುವ ಕೆಲಸ ವಿಡಿಯೋ ಕಾಲಿನಲ್ಲಿ ನನ್ನ ಪಾಲಿಗೆ ಬಂತು. ಪೇಪರ್ ಸುತ್ತಿ ಕತ್ತಿ ಮಾಡಿಕೊಂಡು, ಯೂಟ್ಯೂಬ್ ನೋಡಿ ಕಲಿತ ವರಸೆಗಳನ್ನು ಎರಡು ವಾರ ಹೇಳಿಕೊಟ್ಟೆ. ಭುಜ, ಕಾಲು, ಬಗ್ಗು, ತಲೆ. ಚೆನ್ನಾಗಿಯೇ ಕಲಿತ. ಒಂದು ದಿನ ಕತ್ತಿ ಕೆಳಗಿಟ್ಟು, “ಚಿಕ್ಕಮ್ಮಾ, ಅವನು ಬಂದಾಗ ಅಮ್ಮ ಎಲ್ಲಿರ್ತಾಳೆ?” ಎಂದು ಕೇಳಿದ. ಎರಡು ವಾರದಲ್ಲಿ ನಾನು ಯೋಚಿಸದೇ ಇದ್ದ ಪ್ರಶ್ನೆ ಅದು.

ಡಾರ್ತ್ ವೇಡರ್ ವೇಷದೊಳಗೆ ಒಬ್ಬ ಮನುಷ್ಯನಿರುತ್ತಾನೆ ಎಂದು ಹೇಳಿಬಿಡೋಣ ಎಂದೆ. ಅಕ್ಕನಿಗೆ ಇಷ್ಟವಿರಲಿಲ್ಲ, “ಮಜಾನೇ ಹೋಗುತ್ತೆ ಕಣೇ” ಎಂದಳು. ಆದರೂ ಹೇಳಿದೆ. ಅವನ ಉತ್ತರ: “ನಂಗೊತ್ತು. ಆದ್ರೂ ಭಯ.” ಮುಂದೆ ಬಾಲ್ಯ ಮನೋವಿಜ್ಞಾನ ಓದುವಾಗ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಸಿಕ್ಕಿತು. ನಾಲ್ಕು, ಆರು ವರ್ಷದ ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಅದರೊಳಗೆ ಒಂದು ರಾಕ್ಷಸನಿದ್ದಾನೆ ಎಂದು ಊಹಿಸಿಕೊಳ್ಳಲು ಹೇಳಿದ್ದರು. ಅದು ಬರೀ ಊಹೆ ಎಂದು ಮಕ್ಕಳೇ ಒಪ್ಪಿದ್ದರು. ಹಾಗಿದ್ದೂ ಕೆಲವು ಪುಟ್ಟ ಮಕ್ಕಳು ಪ್ರಯೋಗ ನಡೆಸುವವರು ಕೋಣೆ ಬಿಟ್ಟು ಹೋಗಲು ಬಿಡಲಿಲ್ಲ. ‘ಅದು ನಿಜವಲ್ಲ, ಯಾಕೆ ಹೆದರುತ್ತೀಯ’ ಎಂಬ ನಮ್ಮ ಸಮಾಧಾನ ಮಗುವಿಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತದೆ, ಅಷ್ಟೆ. ಅಮ್ಮ ಎಲ್ಲಿ ಕೂತಿರುತ್ತಾಳೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಕ್ಕ ತಾನು ಯಾವ ಬಣ್ಣದ ಬಟ್ಟೆ ಹಾಕಿಕೊಂಡು ಎಲ್ಲಿ ನಿಲ್ಲುತ್ತೇನೆಂದು ಮೊದಲೇ ಹೇಳಿದಳು. ನನ್ನ ಎರಡು ವಾರದ ವರಸೆಗಿಂತ ಅದು ಹೆಚ್ಚು ಕೆಲಸಕ್ಕೆ ಬಂತು.

ಅಕ್ಕ ಕಳಿಸಿದ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ! ಎಲ್ಲ ಮಕ್ಕಳಿಗೂ ಒಂದೇ ಥರದ ನಿಲುವಂಗಿ. ಯಾರು ಧೈರ್ಯವಂತರು, ಯಾರು ಪುಕ್ಕಲರು ಎಂದು ಬಟ್ಟೆಯಿಂದ ತಿಳಿಯುವುದಿಲ್ಲ. ಮೊದಲು ಸಾಲಾಗಿ ನಿಂತು ಎಲ್ಲರೂ ಒಟ್ಟಿಗೆ ವರಸೆ ಕಲಿಯುತ್ತಾರೆ, ಗುರು ಜೋರಾಗಿ ಹೇಳಿಕೊಡುತ್ತಾನೆ. ಒಬ್ಬೊಬ್ಬರೇ ಖಳನ ಮುಂದೆ ಹೋಗುವುದು ಆಮೇಲೆ, ಅದೂ ಕೆಲವೇ ಕ್ಷಣಗಳ ಮಟ್ಟಿಗೆ, ಅದೇ ವರಸೆಗಾಗಿ. ನಮ್ಮವನ ಸರದಿ ಬಂದಾಗ ಅವನಿಗೆ ಎಲ್ಲ ಮರೆತುಹೋಯಿತು. ಎಲ್ಲೋ ಎರಡು ಏಟು ಬೀಸಿ ನಿಂತುಬಿಟ್ಟ. ಡಾರ್ತ್ ವೇಡರ್ ಅವೆರಡಕ್ಕೂ ತನ್ನ ಕತ್ತಿ ಒಡ್ಡಿದ, ಮುಂದಿನ ಮಗು ಬಂತು, ಆಟ ನಡೆಯಿತು. ತಪ್ಪಾಯಿತು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮಕ್ಕಳನ್ನು ಆರಿಸುವ ಬಗೆ ಇನ್ನೂ ಮುಖ್ಯ ಎನಿಸುತ್ತದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 2006ರಲ್ಲಿ ಈ ಪ್ರದರ್ಶನ ಶುರುವಾದಾಗ ಮಕ್ಕಳನ್ನು ಪ್ರೇಕ್ಷಕರ ನಡುವಿನಿಂದಲೇ ಆರಿಸುತ್ತಿದ್ದರು. ಅಂಥ ಕಡೆ ಯಾರಿಗೆ ಅವಕಾಶ ಸಿಗುತ್ತದೆಂದು ತರಗತಿಯಲ್ಲಿ ನಿಂತವರಿಗೆ ಹೇಳಬೇಕಿಲ್ಲ: ಕೈ ಎತ್ತಿ ಕುಣಿಯುವವರಿಗೆ. ಅಕ್ಕನವರು ಹೋಗುವ ಹೊತ್ತಿಗೆ ಬೆಳಿಗ್ಗೆಯೇ ಹೆಸರು ಬರೆಸುವ ಪದ್ಧತಿ ಬಂದಿತ್ತು. ಹಾಗೆ ಬರೆಸುವಾಗ ಮಗು ಜೊತೆಯಲ್ಲೇ ಇರಬೇಕಿತ್ತು. ಅಪ್ಪನೊಬ್ಬನೇ ಹೋಗಿ ಬರೆಸಿ ಬರುವಂತಿರಲಿಲ್ಲ. ಭಾವನಿಗೆ ಇದು ಕಿರಿಕಿರಿ ಎನಿಸಿತಂತೆ, ನನಗೆ ಒಳ್ಳೆಯ ನಿಯಮ ಎನಿಸಿತು. ತಾನು ಏನು ಮಾಡಲಿದ್ದೇನೆ ಎಂದು ಯೋಚಿಸಲು ಮಗುವಿಗೂ ಕೆಲವು ಗಂಟೆ ಸಿಕ್ಕವು.

ಈಗ ನನ್ನ ಪಾಠಕ್ಕೆ ಬರುತ್ತೇನೆ. ಏಳನೆಯ ತರಗತಿ, ಆಮ್ಲ ಮತ್ತು ಪ್ರತ್ಯಾಮ್ಲ. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೂರನೆಯ ಸಾಲಿನ ಒಬ್ಬಳು ಹುಡುಗಿಯನ್ನು ಕರೆದು, ಅರಿಶಿನ ಸವರಿದ ಕಾಗದದ ಮೇಲೆ ಸೋಪಿನ ನೀರು ಹಾಕಿ ಬಣ್ಣ ಹೇಳಲು ಹೇಳಿದೆ. ಅವಳು ಕೈ ಎತ್ತಿರಲಿಲ್ಲ. ಕೈ ಎತ್ತದವರನ್ನೂ ಕರೆಯಬೇಕು ಎಂದು ನಾವು ಕಲಿತಿದ್ದೇವಲ್ಲ. ಅವಳ ಕೈ ನಡುಗಿ ಡ್ರಾಪರ್ ಜಾರಿತು. ಕಾಗದ ಕೆಂಪಾಗಿದ್ದು ಎಲ್ಲರಿಗೂ ಕಂಡಿತು, ಅವಳ ಬಾಯಿಂದ ಮಾತು ಬರಲಿಲ್ಲ. ತರಗತಿ ನಕ್ಕಿತು. ನಾನೇ ಉತ್ತರ ಹೇಳಿ ಅವಳನ್ನು ಕೂರಿಸಿದೆ. ನಮೂನೆಯಲ್ಲಿ ಆ ಅಂಶಕ್ಕೆ ‘ಉತ್ತಮ’ ಬಂತು. ಮಾರನೆಯ ದಿನ ಅವಳು ಶಾಲೆಗೆ ಬಂದಿರಲಿಲ್ಲ. ಕಾರಣ ಬೇರೆಯೇ ಇದ್ದಿರಬಹುದು, ಆದರೆ ನನಗೆ ಹಾಗೆ ಅನಿಸಲಿಲ್ಲ.

ವೇದಿಕೆಯ ಮೇಲೆ ಐದು ವರ್ಷದ ಮಗುವಿಗಿದ್ದ ಯಾವ ಆಸರೆಯನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ. ಅವಳೊಬ್ಬಳೇ ನಿಂತಿದ್ದಳು. ಮೊದಲು ಮಾಡಿ ನೋಡಿರಲಿಲ್ಲ. ತಪ್ಪಿದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಥೀಮ್ ಪಾರ್ಕಿನವರು ಟಿಕೆಟ್ ಮಾರುತ್ತಾರೆ, ಮಗು ಅತ್ತರೆ ಅವರಿಗೆ ನಷ್ಟ, ನಮ್ಮ ಉದ್ದೇಶ ಬೇರೆ ಎಂದು ಗೆಳತಿಯೊಬ್ಬಳು ವಾದಿಸಿದಳು. ಮಗು ಅತ್ತರೆ ನಮಗೇನೂ ನಷ್ಟವಿಲ್ಲ ಎಂಬುದೇ ನನ್ನ ಚಿಂತೆ.

ಆಮೇಲಿನ ಪಾಠಗಳಲ್ಲಿ ಪ್ರತಿ ಬೆಂಚಿಗೂ ಅರಿಶಿನದ ಕಾಗದ, ಸೋಪಿನ ನೀರು, ನಿಂಬೆರಸ ಕೊಟ್ಟೆ. ಎಲ್ಲರೂ ಮಾಡಿ ನೋಡಿದ ನಂತರ, ಯಾರು ತೋರಿಸುತ್ತೀರಿ ಎಂದು ಕೇಳಿದೆ. ಇಬ್ಬರು ಜೊತೆಯಾಗಿ ಬಂದರೂ ಸರಿ ಎಂದೆ. ಹತ್ತು ನಿಮಿಷ ಹೆಚ್ಚು ಹಿಡಿಯಿತು, ಪಾಠಯೋಜನೆಯ ಮೌಲ್ಯಮಾಪನದ ಹಂತ ತಪ್ಪಿಹೋಯಿತು, ಅದಕ್ಕೆ ಅಂಕವೂ ಹೋಯಿತು. ನಮೂನೆಯನ್ನು ಪರಿಷ್ಕರಿಸುವಾಗ ‘ಕರೆಯುವ ಮುನ್ನ ಎಲ್ಲರಿಗೂ ಮಾಡಿ ನೋಡಲು ಅವಕಾಶವಿತ್ತೇ’, ‘ಬೇಡ ಎನ್ನಲು ಮಗುವಿಗೆ ಅವಕಾಶವಿತ್ತೇ’ ಎಂಬ ಎರಡು ಸಾಲುಗಳನ್ನು ಸೇರಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ನನ್ನ ಕೋರಿಕೆ.

ಆ ಹುಡುಗಿ ಕೊನೆಯ ಪಾಠದವರೆಗೂ ಮುಂದೆ ಬರಲಿಲ್ಲ. ಕೂತಲ್ಲೇ ಕಾಗದ ಕೆಂಪು ಮಾಡಿ, ಅದರ ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ ಆಗುತ್ತದೆಂದು ಪಕ್ಕದವಳಿಗೆ ತೋರಿಸುತ್ತಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.