ವಿಕಾಸದ ಹೆಸರಿನಲ್ಲೊಂದು ವಕಾಲತ್ತು

ಪುರುಷನ ಮತ್ಸರವು ವಿಕಾಸದ ಕೊಡುಗೆಯಾದ್ದರಿಂದ ಅದನ್ನು ತಪ್ಪೆನ್ನಲಾಗದು ಎಂದು ವಾದಿಸುವ, ಈಚೆಗೆ ಪ್ರಕಟವಾದ ಲೇಖನವೊಂದು, ಪ್ರವೃತ್ತಿಯೊಂದು ಹೇಗೆ ಹುಟ್ಟಿತು ಎಂಬ ಪ್ರಶ್ನೆಯನ್ನೂ ಅದು ಒಪ್ಪತಕ್ಕದ್ದೇ ಎಂಬ ಪ್ರಶ್ನೆಯನ್ನೂ ಒಂದೇ ಎಂದು ಭಾವಿಸಿದೆ. ನಿಸರ್ಗದ ಆಯ್ಕೆ, ಎಂದರೆ ಸಂತತಿ ಉಳಿಯಲು ನೆರವಾದ ಆನುವಂಶಿಕ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತ ಹೋಗುವ ಕ್ರಮ, ಯಾವ ನಡತೆಗೂ ಪರವಾನಗಿ ನೀಡುವುದಿಲ್ಲ. ಸಿಹಿಯ ಆಸೆ ಪೂರ್ವಜರಿಗೆ ಉಪಯುಕ್ತವಾಗಿತ್ತೆಂಬ ಕಾರಣಕ್ಕೆ ಸಕ್ಕರೆ ಕಾಯಿಲೆಯನ್ನು ಯಾರೂ ಸಮರ್ಥಿಸುವುದಿಲ್ಲ. ಮೇಲಾಗಿ, ಮನೋವಿಜ್ಞಾನಿ ಡೇವಿಡ್ ಬಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನವು ಮತ್ಸರವನ್ನು ಸ್ತ್ರೀಪುರುಷರಿಬ್ಬರಲ್ಲಿಯೂ ಕಂಡಿತ್ತು. ವ್ಯತ್ಯಾಸವಿದ್ದದ್ದು ಅದನ್ನು ಹೆಚ್ಚು ಕೆರಳಿಸುವುದು ಸಂಗಾತಿಯ ದೈಹಿಕ ದ್ರೋಹವೋ ಭಾವನಾತ್ಮಕ ದ್ರೋಹವೋ ಎಂಬುದರಲ್ಲಿ. ಎಲ್ಲ ಲಕ್ಷಣವನ್ನೂ ಆಯ್ಕೆಯ ಫಲವೆನ್ನುವ ಆತುರವನ್ನು ಜೀವವಿಜ್ಞಾನಿಗಳಾದ ಸ್ಟೀಫನ್ ಜೇ ಗೌಲ್ಡ್ ಮತ್ತು ರಿಚರ್ಡ್ ಲೆವೊಂಟಿನ್ 1979ರಲ್ಲಿಯೇ ಪ್ರಶ್ನಿಸಿದ್ದರು; ಲೇಖನವು (ಜಾಣತನದಿಂದಲೋ ಏನೋ) ಆ ಟೀಕೆಯ ಗೋಜಿಗೇ ಹೋಗಿಲ್ಲ.