ಎರಡನೇ ಸೋಮವಾರದ ರಜೆ ಯಾರ ಹೆಸರಿಗೆ?

ಅಮೆರಿಕ ಸಂಸತ್ತಿನ ಕೆಳಮನೆಯ ಸ್ಪೀಕರ್ ಅವರಿಗೆ,

ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಈ ದೇಶದ ಅಂಚೆ ಕಚೇರಿ, ಬ್ಯಾಂಕು, ಕೇಂದ್ರ ಸರ್ಕಾರದ ಇಲಾಖೆಗಳಿಗೆ ಬಾಗಿಲು. ಕೊಲಂಬಸ್ ದಿನ. ಖಾಸಗಿ ಕಂಪನಿಗಳಲ್ಲಿ ಹೆಚ್ಚಿನವು ಅಂದು ಎಂದಿನಂತೆ ನಡೆಯುವುದರಿಂದ ನಮ್ಮ ಕನ್ನಡದವರಿಗೆ ಆ ದಿನ ನೆನಪಾಗುವುದು ಸೋಫಾ, ಹಾಸಿಗೆ ಅಂಗಡಿಗಳ ರಿಯಾಯಿತಿ ಮಾರಾಟದಿಂದ ಮಾತ್ರ. ಇದ್ದರೆಷ್ಟು ಬಿಟ್ಟರೆಷ್ಟು ಎನ್ನುತ್ತಾರೆ. ನಾನು ಹಾಗೆ ಕೈ ತೊಳೆದುಕೊಳ್ಳಲಾರೆ; ನಾನಿರುವ ಓಹಾಯೊದ ಊರಿಗೆ ಕೊಲಂಬಸ್‌ನದೇ ಹೆಸರು. 1955ರಲ್ಲಿ ಅವನ ಹುಟ್ಟೂರು, ಇಟಲಿಯ ಜಿನೋವಾ ನಗರ, ಉಡುಗೊರೆಯಾಗಿ ಕೊಟ್ಟ ಅವನ ಪ್ರತಿಮೆ ನಮ್ಮ ಸಿಟಿ ಹಾಲ್ ಎದುರು ನಿಂತಿತ್ತು. 2020ರ ಜುಲೈನಲ್ಲಿ ಅದನ್ನು ಕೆಳಗಿಳಿಸಿ ಸಾಗಿಸಿದರು. ಊರು ಇಳಿಸಿದವನನ್ನು ದೇಶದ ಕಾನೂನು ಇನ್ನೂ ಹೊತ್ತುಕೊಂಡಿದೆ. ಅಧ್ಯಕ್ಷರು ವರ್ಷಕ್ಕೊಂದು ಘೋಷಣೆ ಹೊರಡಿಸಬಹುದು, ಅಷ್ಟೇ. ರಜೆಯ ಪಟ್ಟಿ ತಿದ್ದುವುದು ಸಂಸತ್ತಿನ ಕೆಲಸ. ಅದಕ್ಕೇ ಈ ಪತ್ರ ನಿಮಗೆ. (ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಇದು ಸುಮ್ಮನಿರುವ ನನ್ನವರೂ ಓದಲಿ ಎಂದು.)

ಆ ಪಟ್ಟಿಯಲ್ಲಿರುವುದು ಹನ್ನೊಂದು ರಜೆ. ಕ್ರಿಸ್ತನನ್ನು ಬಿಟ್ಟರೆ ವ್ಯಕ್ತಿಯ ಹೆಸರಿನವು ಮೂರೇ: ವಾಷಿಂಗ್ಟನ್, ಮಾರ್ಟಿನ್ ಲೂಥರ್ ಕಿಂಗ್, ಕೊಲಂಬಸ್. ಕಿಂಗ್ ಹೆಸರಿನ ಮಸೂದೆ 1968ರ ಏಪ್ರಿಲ್‌ನಲ್ಲಿ, ಅವರ ಹತ್ಯೆಯಾದ ನಾಲ್ಕನೇ ದಿನ ನಿಮ್ಮ ಸದನಕ್ಕೆ ಬಂತು. ಕಾನೂನಾಗಲು 1983ರ ತನಕ ಕಾಯಬೇಕಾಯಿತು. ಕೊಲಂಬಸ್‌ನ ರಜೆಗೆ ಅದೇ 1968ರ ಜೂನ್‌ನಲ್ಲಿ ಸಹಿ ಬಿತ್ತು. ಅದೂ ಅವನಿಗೆಂದೇ ತಂದ ಕಾನೂನಿನಲ್ಲಲ್ಲ. ಮೂರು ರಜೆಗಳನ್ನು ಸೋಮವಾರಕ್ಕೆ ಸರಿಸಿ ನೌಕರರಿಗೆ ವಾರಾಂತ್ಯ ಉದ್ದ ಮಾಡಿಕೊಟ್ಟ ಕಾನೂನಿನಲ್ಲಿ ಅವನೂ ಸೇರಿಕೊಂಡ. ತಮ್ಮ ದೇಶದಲ್ಲೇ ಹುಟ್ಟಿ, ತಮ್ಮ ದೇಶದಲ್ಲೇ ಗುಂಡಿಗೆ ಬಲಿಯಾದವರ ಯೋಗ್ಯತೆಯನ್ನು ಹದಿನೈದು ವರ್ಷ ತೂಗಿ ನೋಡಿದ ಸದನ, ಇಂದಿನ ಐವತ್ತು ರಾಜ್ಯಗಳಲ್ಲಿ ಒಂದರ ಮೇಲೂ ಕಾಲಿಡದವನ ಯೋಗ್ಯತೆಯನ್ನು ಎಷ್ಟು ಹೊತ್ತು ತೂಗಿತು?

ಹಾಗಂತ ಈ ರಜೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜನರ ಗುಂಪು ಜೈಲಿಗೆ ನುಗ್ಗಿ ಹನ್ನೊಂದು ಮಂದಿ ಇಟಾಲಿಯನ್ನರನ್ನು ಕೊಂದುಹಾಕಿತು. ಮರುವರ್ಷ, ಕೊಲಂಬಸ್ ಬಂದ ನಾನೂರನೇ ವರ್ಷಕ್ಕೆ, ಅಧ್ಯಕ್ಷ ಹ್ಯಾರಿಸನ್ ಅವನ ದಿನ ಆಚರಿಸಿ ಎಂದು ಘೋಷಿಸಿದರು. ಅವಮಾನ ಉಂಡ ವಲಸಿಗರಿಗೆ ‘ಈ ನಾಡು ನಿಮ್ಮದೂ ಹೌದು’ ಎಂದು ಹೇಳಲು ಒಂದು ಹೆಸರು ಬೇಕಿತ್ತು. ಜಯಂತಿಯ ರಜೆ ಎಷ್ಟೋ ಸಲ ಒಂದು ಸಮುದಾಯಕ್ಕೆ ಕೊಟ್ಟ ಮನ್ನಣೆ ಎಂಬುದನ್ನು ಕರ್ನಾಟಕದಲ್ಲಿ ಬೆಳೆದವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಇಟಾಲಿಯನ್ನರ ನೋವು ನಿಜ, ಅವರಿಗೆ ಸಲ್ಲಬೇಕಾದ ಗೌರವವೂ ನಿಜ. ಅದನ್ನು ಹೊರಿಸಿದ್ದು ಮಾತ್ರ ತಪ್ಪು ಹೆಗಲಿಗೆ.

ಏಕೆ ತಪ್ಪು ಎನ್ನಲು ಒಂದು ಗೆಜ್ಜೆ ಸಾಕು. ಬೇಟೆಯ ಗಿಡುಗದ ಕಾಲಿಗೆ ಕಟ್ಟುವ ಪುಟ್ಟ ಹಿತ್ತಾಳೆ ಗೆಜ್ಜೆಗಳನ್ನು ಕೊಲಂಬಸ್ ಹಡಗಿನಲ್ಲಿ ತಂದಿದ್ದ. ಕೆರಿಬಿಯನ್ ದ್ವೀಪಗಳ ತೈನೋ ಜನರಿಗೆ ಅವನ್ನು ಹಂಚಿದ. ಅವುಗಳ ಸದ್ದಿಗೆ ಅವರು ಮರುಳಾದರು. ಕೆಲವೇ ವರ್ಷಗಳಲ್ಲಿ ಅದೇ ಗೆಜ್ಜೆ ಕಂದಾಯದ ಅಳತೆಯಾಯಿತು. ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯವಿರುವ ಹಿಸ್ಪಾನಿಯೋಲದ ಚಿನ್ನದ ಸೀಮೆಯಲ್ಲಿ ಹದಿನಾಲ್ಕು ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ತಂದೊಪ್ಪಿಸಬೇಕು. ಕೊಟ್ಟವರಿಗೆ ಕೊರಳಲ್ಲಿ ತೂಗುಹಾಕಿಕೊಳ್ಳಲು ಲೋಹದ ಬಿಲ್ಲೆ, ಬಿಲ್ಲೆಯಿಲ್ಲದವರಿಗೆ ಶಿಕ್ಷೆ. ಹೊಳೆಯ ಮರಳು ಜಾಲಿಸಿದರೂ ಅಷ್ಟು ಚಿನ್ನ ಅಲ್ಲಿರಲಿಲ್ಲ. ಈ ಕಂದಾಯದ ಕಟ್ಟಳೆಯನ್ನು ಬರೆದಿಟ್ಟವನು ಶತ್ರುವಲ್ಲ, ಕೊಲಂಬಸ್‌ನ ಸ್ವಂತ ಮಗ ಫರ್ಡಿನಾಂಡ್. ಚಿನ್ನವಷ್ಟೇ ಅಲ್ಲ, ಮನುಷ್ಯರನ್ನೂ ಸರಕು ಮಾಡಿದರು: 1495ರಲ್ಲಿ ಸುಮಾರು ಐನೂರು ತೈನೋಗಳನ್ನು ಸ್ಪೇನಿನ ಸಂತೆಗೆ ಹಡಗೇರಿಸಿದರು. ಸುಮಾರು ಇನ್ನೂರು ಮಂದಿ ದಾರಿಯಲ್ಲೇ ಸತ್ತರು.

ಆ ಕಾಲವೇ ಹಾಗಿತ್ತು, ಇಂದಿನ ಕಣ್ಣಿನಿಂದ ನೋಡಬೇಡಿ ಎಂದು ನಿಮ್ಮ ಸದಸ್ಯರು ಹೇಳುವುದನ್ನು ಕೇಳಿದ್ದೇನೆ. ಸರಿ, ಆ ಕಾಲದವರನ್ನೇ ಕೇಳೋಣ. ಅವನ ಆಡಳಿತದ ಮೇಲೆ ಬಂದ ದೂರುಗಳ ವಿಚಾರಣೆಗೆ ರಾಜ ರಾಣಿ ಕಳಿಸಿದ ಬೊಬಡಿಲ್ಲಾ 1500ರಲ್ಲಿ ಅವನಿಗೆ ಬೇಡಿ ತೊಡಿಸಿ ಸ್ಪೇನಿಗೆ ಅಟ್ಟಿದ. ರಾಜದಂಪತಿ ಬೇಡಿ ಬಿಚ್ಚಿಸಿದರು, ನಾಲ್ಕನೇ ಯಾನಕ್ಕೆ ಹಡಗುಗಳನ್ನೂ ಕೊಟ್ಟರು. ಆದರೆ ಗವರ್ನರ್ ಹುದ್ದೆಯನ್ನು ತಿರುಗಿ ಕೊಡಲಿಲ್ಲ. ಅವನು ಗಟ್ಟಿ ನಾವಿಕ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಯುರೋಪಿನಿಂದ ಬಂದ ರೋಗಗಳಿಂದ ಸತ್ತ ಲಕ್ಷಾಂತರ ಜನರ ಲೆಕ್ಕವನ್ನು ಅವನೊಬ್ಬನ ತಲೆಗೆ ಕಟ್ಟುವುದೂ ಇಲ್ಲ. ಅವನು ತಿಳಿದೇ ಮಾಡಿದ್ದು ಸಾಕಷ್ಟಿದೆ.

ಇನ್ನೊಂದು ವಾದ ನಮ್ಮ ಅಡುಗೆಮನೆಯಿಂದಲೇ ಬರುತ್ತದೆ. ಅವನು ದಾರಿ ತೆರೆಯದಿದ್ದರೆ ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಎಲ್ಲಿರುತ್ತಿತ್ತು, ಸಾರಿಗೆ ಟೊಮೆಟೊ, ಚಟ್ನಿಪುಡಿಗೆ ಶೇಂಗಾ ಎಲ್ಲಿಂದ ಬರುತ್ತಿತ್ತು ಎಂದು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಹೌದು. ಆದರೆ ಸಾವಿರಾರು ವರ್ಷ ಬೀಜ ಆರಿಸಿ ಆರಿಸಿ ಅದನ್ನು ಬೆಳೆಯಾಗಿ ಪಳಗಿಸಿದವರು ಮೆಕ್ಸಿಕೋ ಕಡೆಯ ರೈತರು. ಬದನೆಕಾಯಿ ಬೆಳೆದವನನ್ನು ಬಿಟ್ಟು ಲಾರಿ ಓಡಿಸಿದವನಿಗೆ ಹಾರ ಹಾಕುವುದೆಂದರೆ ಇದೇ. ಊಟದ ಋಣ ತೀರಿಸುವ ಮನಸ್ಸಿದ್ದರೆ ಆ ಸೋಮವಾರ ಆ ರೈತರ ಕುಲದವರಿಗೇ ಸಲ್ಲಲಿ.

ತಿದ್ದುವುದು ಕಷ್ಟವೇನಲ್ಲ. 1968ರ ಅದೇ ಕಾನೂನು ಯೋಧರ ದಿನವನ್ನೂ ಸೋಮವಾರಕ್ಕೆ ಸರಿಸಿತ್ತು. ಮಾಜಿ ಸೈನಿಕರು ಒಪ್ಪಲಿಲ್ಲ, ನಿಮ್ಮ ಸಂಸತ್ತೇ 1978ರಿಂದ ಅದನ್ನು ನವೆಂಬರ್ 11ಕ್ಕೆ ಮರಳಿಸಿತು. ಸೌತ್ ಡಕೋಟಾ 1990ರಿಂದಲೇ ಅಕ್ಟೋಬರಿನ ಆ ದಿನವನ್ನು ಮೂಲನಿವಾಸಿಗಳ ಹೆಸರಿನಲ್ಲಿ ಆಚರಿಸುತ್ತಿದೆ. ಕೊಲಂಬಸ್ ದಿನವನ್ನು ಎಲ್ಲರಿಗಿಂತ ಮೊದಲು ರಾಜ್ಯದ ರಜೆ ಮಾಡಿದ್ದ ಕೊಲರಾಡೊ 2020ರಲ್ಲಿ ಅದನ್ನು ಕೈಬಿಟ್ಟು, ಇಟಲಿಯಿಂದ ವಲಸೆ ಬಂದು ಅನಾಥಾಲಯ, ಆಸ್ಪತ್ರೆ ಕಟ್ಟಿದ ಸನ್ಯಾಸಿನಿ ಫ್ರಾನ್ಸಿಸ್ ಕಬ್ರಿನಿಯ ಹೆಸರಿನಲ್ಲಿ ರಜೆ ಕೊಟ್ಟಿತು. ಇಟಾಲಿಯನ್ನರ ಮಾನಕ್ಕೆ ಅದರಿಂದ ಕುಂದು ಬಂದಂತೆ ನನಗೆ ಕಾಣಲಿಲ್ಲ.

ನನ್ನ ಬೇಡಿಕೆ ಇಷ್ಟು: ರಜೆಯ ಪಟ್ಟಿಯ ಆ ಒಂದು ಸಾಲಿನಲ್ಲಿ ಕೊಲಂಬಸ್ ಹೆಸರು ತೆಗೆದು ಮೂಲನಿವಾಸಿಗಳ ದಿನ ಎಂದು ಬರೆಯುವ ಮಸೂದೆಯನ್ನು ಸಮಿತಿಯಲ್ಲಿ ಕೊಳೆಯಲು ಬಿಡದೆ ಸದನದ ಮತಕ್ಕೆ ಹಾಕಿ. ಸೋಮವಾರ ಸೋಮವಾರವಾಗಿಯೇ ಇರಲಿ, ನೌಕರರ ರಜೆ ಕಸಿಯಬೇಡಿ. ಯಾರು ಪರ, ಯಾರು ವಿರುದ್ಧ ಎಂಬ ಪಟ್ಟಿ ಹೊರಬಂದರೆ ಮುಂದಿನ ನವೆಂಬರ್‌ನಲ್ಲಿ ಮತ ಹಾಕುವಾಗ ನಮಗೂ ಅನುಕೂಲ.

ಇತಿ,
ಕೊಲಂಬಸ್ ನಗರದ ಒಬ್ಬ ಕನ್ನಡಿಗ ಮತದಾರ